ಎಂಡೊಮೆಟ್ರಿಯೋಸಿಸ್ ಆಪರೇಷನ್: ಮುಂಚೆ ಯಾವ ರಕ್ತ ಪರೀಕ್ಷೆ, ಆಮೇಲೆ ಯಾವುದು, ಯಾವಾಗ?

ರಕ್ತ ಪರೀಕ್ಷೆಯ ರಿಪೋರ್ಟ್ ಮೊಬೈಲಿಗೆ ಬಂದಾಗ ನಾನು ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಲ್ಲಿ ಹಸಿರು ಲೈನಿನ ಕಡೆ ಹೋಗುತ್ತಿದ್ದೆ. ಸಿಎ-125: 118. ಪಕ್ಕದಲ್ಲಿ, 35ರ ಒಳಗಿರಬೇಕು ಎಂದಿತ್ತು. 118 ಮಾತ್ರ ದಪ್ಪ ಅಕ್ಷರದಲ್ಲಿತ್ತು. ರಾಜಾಜಿನಗರ ಬರುವಷ್ಟರಲ್ಲಿ ಗೂಗಲ್ ನನಗೆ ಅಂಡಾಶಯದ ಕ್ಯಾನ್ಸರ್ ಎಂದು ತೀರ್ಪು ಕೊಟ್ಟಾಗಿತ್ತು. ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಒಲೆ ಆರಿಸಿ ಅಡುಗೆಮನೆಯಲ್ಲೇ ಕೂತುಬಿಟ್ಟರು. ಎರಡು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮೂರನೇ ದಿನ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. "ರಕ್ತ ಕೊಟ್ಟ ದಿನ ಪಿರಿಯಡ್ಸ್ ಇತ್ತಾ?" ಇತ್ತು. ಎರಡನೇ ದಿನ. ಹೊಟ್ಟೆ ಹಿಡಿದುಕೊಂಡೇ ಲ್ಯಾಬಿಗೆ ಹೋಗಿದ್ದೆ. "ಇನ್ನೆರಡು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಕೊಡಿ" ಎಂದರು. ಕೊಟ್ಟೆ. 61 ಬಂತು. ನನ್ನ ಎಡ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ ಇತ್ತು, ಎಂಡೊಮೆಟ್ರಿಯೋಸಿಸ್ ಇತ್ತು, ಆಪರೇಷನ್ನೂ ಆಯಿತು. ಆದರೆ ಆ ಎರಡು ದಿನದ ಉಪವಾಸ ಮಾತ್ರ ಸುಮ್ನೆ ಆದದ್ದು.

ಕಳೆದ ವರ್ಷ ಚಿಕ್ಕಮ್ಮನ ಮಗಳು ಫೋನ್ ಮಾಡಿ, "ಅಕ್ಕಾ, ನಂಗೂ ಅದೇ ಸಿಸ್ಟಂತೆ, ಏನೇನು ಟೆಸ್ಟ್ ಮಾಡಿಸ್ಬೇಕು?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಔಷಧಿ, ಆಪರೇಷನ್ ನಿರ್ಧಾರ ನಿಮ್ಮ ಡಾಕ್ಟರ್ ಜೊತೆ ಕೂತು ಮಾಡಬೇಕಾದದ್ದು. ರಿಪೋರ್ಟ್ ಕೈಗೆ ಬಂದಾಗ ಏನು ನೋಡಬೇಕು, ಯಾವ ದಿನ ರಕ್ತ ಕೊಡಬೇಕು, ಏನು ಕೇಳಬೇಕು, ಅಷ್ಟು ಇಲ್ಲಿದೆ.

ಮೊದಲು ಒಂದು ವಿಷಯ

ಎಂಡೊಮೆಟ್ರಿಯೋಸಿಸ್ ಇದೆ ಅಥವಾ ಇಲ್ಲ ಎಂದು ಖಚಿತವಾಗಿ ಹೇಳುವ ರಕ್ತ ಪರೀಕ್ಷೆ ಇವತ್ತಿಗೂ ಇಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದಲ್ಲಿ, ಹೊಟ್ಟೆಯ ಒಳಪೊರೆಯಲ್ಲಿ, ಕರುಳಿನ ಮೇಲೆ ಬೆಳೆಯುವ ಕಾಯಿಲೆ ಇದು. ಪ್ರತಿ ತಿಂಗಳು ಅದೂ ಊದಿಕೊಳ್ಳುತ್ತದೆ, ಒಸರುತ್ತದೆ, ಸುತ್ತಲಿನದನ್ನೆಲ್ಲ ಅಂಟಿಸಿಬಿಡುತ್ತದೆ. ಹಳೆಯ ರಕ್ತ ಅಂಡಾಶಯದೊಳಗೆ ಕಟ್ಟಿಕೊಂಡು ಕಂದು ಬಣ್ಣಕ್ಕೆ ತಿರುಗಿದರೆ ಅದೇ ಚಾಕೊಲೇಟ್ ಸಿಸ್ಟ್. ಅಮೆರಿಕದ ಡಾಕ್ಟರ್ ಜಾನ್ ಸ್ಯಾಂಪ್ಸನ್ 1921ರಲ್ಲೇ ಅದನ್ನು ಈ ಹೆಸರಿನಿಂದ ವಿವರಿಸಿದ್ದರು. ನೂರು ವರ್ಷ ಕಳೆದರೂ ಒಂದು ಸೂಜಿ ಚುಚ್ಚಿ ಪತ್ತೆ ಮಾಡುವ ದಾರಿ ಸಿಕ್ಕಿಲ್ಲ.

ಹುಡುಕಾಟವೇನೂ ಕಡಿಮೆ ಆಗಿಲ್ಲ. 2016ರಲ್ಲಿ ಕಾಕ್ರೇನ್ ಎಂಬ ಸಂಶೋಧಕರ ತಂಡ ನೂರಕ್ಕೂ ಹೆಚ್ಚು ರಕ್ತದ ಗುರುತುಗಳ (ಕಾಯಿಲೆಯ ಸುಳಿವು ಕೊಡಬಹುದಾದ, ರಕ್ತದಲ್ಲಿ ಅಳೆಯುವ ವಸ್ತುಗಳು) ಮೇಲಿನ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಲ್ಯಾಪ್ರೋಸ್ಕೋಪಿಯ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವುದು) ಬದಲಿಗೆ ನಂಬಬಹುದಾದದ್ದು ಒಂದೂ ಸಿಗಲಿಲ್ಲ. ಯುರೋಪಿನ ತಜ್ಞರ ಸಂಘ ಎಶ್ರೆ 2022ರ ಮಾರ್ಗಸೂಚಿಯಲ್ಲಿ, ಈ ಕಾಯಿಲೆ ಪತ್ತೆಗೆ ರಕ್ತದ ಗುರುತುಗಳನ್ನು ಬಳಸಬೇಡಿ ಎಂದು ನೇರವಾಗಿಯೇ ಬರೆದಿದೆ. ಈಚೆಗೆ ಫ್ರಾನ್ಸ್‌ನಲ್ಲಿ ಎಂಜಲಿನಿಂದ ಪತ್ತೆ ಮಾಡುವ ಪರೀಕ್ಷೆಯೊಂದು ಬಂದಿದೆ. ಅದು ಒಳ್ಳೆಯ ಸುದ್ದಿ, ಆದರೆ ನಮ್ಮ ಬೀದಿಯ ಲ್ಯಾಬಿನ ಸುದ್ದಿಯಲ್ಲ.

ಹಾಗಾದರೆ ರಕ್ತ ಯಾಕೆ ಕೊಡಬೇಕು ಅಂತೀರಾ? ಮೂರು ಕಾರಣಕ್ಕೆ. ಒಂದು, ಸಿಸ್ಟ್ ಬೇರೇನಾದರೂ ಆಗಿರಬಹುದಾ ಎಂದು ಸ್ಕ್ಯಾನ್ ಜೊತೆ ಇಟ್ಟು ನೋಡಲು. ಎರಡು, ಅಂಡಾಶಯದಲ್ಲಿ ಎಷ್ಟು ಮೊಟ್ಟೆ ದಾಸ್ತಾನಿದೆ ಎಂದು ಆಪರೇಷನ್ನಿಗೆ ಮುಂಚೆ ತಿಳಿಯಲು. ಮೂರು, ಅರಿವಳಿಕೆಗೆ ಮೈ ತಯಾರಾಗಿದೆಯಾ ಎಂದು ನೋಡಲು. ಚೀಟಿಯಲ್ಲಿ ಟೆಸ್ಟುಗಳ ಉದ್ದ ಪಟ್ಟಿ ಇದ್ದರೆ ಪ್ರತಿಯೊಂದರ ಮುಂದೆ ಇದು ಯಾವ ಕಾರಣಕ್ಕೆ ಎಂದು ಡಾಕ್ಟರನ್ನು ಕೇಳಿ. ಮುಜುಗರ ಬೇಡ. ದುಡ್ಡು ನಿಮ್ಮದು, ರಕ್ತವೂ ನಿಮ್ಮದು.

ಹೆಜ್ಜೆ 1: ಸಿಎ-125 ಕೊಡುವ ದಿನ ನೋಡಿಕೊಳ್ಳಿ

ಸಿಎ-125 ಒಂದು ಪ್ರೋಟೀನು. 1981ರಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರ್ ಹುಡುಕುವಾಗ ಇದನ್ನು ಕಂಡುಕೊಂಡರು. ಹೆಸರಿನ ಜೊತೆಗೇ ಕ್ಯಾನ್ಸರ್ ಅಂಟಿಕೊಂಡಿರುವುದು ಅದಕ್ಕೇ. ಆದರೆ ಈ ಪ್ರೋಟೀನ್ ಕ್ಯಾನ್ಸರಿನ ಸ್ವಂತ ಆಸ್ತಿಯಲ್ಲ. ಹೊಟ್ಟೆಯ ಒಳಪೊರೆ, ಶ್ವಾಸಕೋಶದ ಹೊದಿಕೆ, ಗರ್ಭಕೋಶದ ಒಳಪದರ, ಇವೆಲ್ಲ ಅದನ್ನು ತಯಾರಿಸುತ್ತವೆ. ಇವುಗಳಲ್ಲಿ ಯಾವುದಕ್ಕೆ ಕಿರಿಕಿರಿಯಾದರೂ ಸಂಖ್ಯೆ ಏರುತ್ತದೆ.

ಮುಟ್ಟಿನ ದಿನಗಳಲ್ಲಿ ಏರುತ್ತದೆ. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಏರುತ್ತದೆ. ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಅಡಿನೋಮಯೋಸಿಸ್ (ಗರ್ಭಕೋಶದ ಒಳಪದರ ಅದರ ಗೋಡೆಯೊಳಗೇ ಬೆಳೆಯುವುದು), ಕೆಳಹೊಟ್ಟೆಯ ಸೋಂಕು, ಲಿವರ್ ಸಿರೋಸಿಸ್, ಹೃದಯದ ವೈಫಲ್ಯ, ಎಲ್ಲದರಲ್ಲೂ ಏರಬಹುದು. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದಿದೆ: ಹೊಟ್ಟೆಯ ಕ್ಷಯ. ಹೊಟ್ಟೆಯಲ್ಲಿ ನೀರು, ತೂಕ ಇಳಿಕೆ, ಸಂಜೆ ಜ್ವರ, ಜೊತೆಗೆ ನೂರಾರು ಸಿಎ-125 ಇದ್ದರೆ ಕ್ಯಾನ್ಸರ್ ಎಂದೇ ಕಾಣುತ್ತದೆ. ಕೊನೆಗೆ ಟಿಬಿ ಎಂದು ತಿಳಿದು, ಮಾತ್ರೆಯಲ್ಲೇ ವಾಸಿಯಾಗುವವರೂ ಇದ್ದಾರೆ. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಹಾಗಾಗಿ ದಿನ ಮುಖ್ಯ. ತುರ್ತಿಲ್ಲದಿದ್ದರೆ ಮುಟ್ಟು ಪೂರ್ತಿ ನಿಂತು ಕೆಲವು ದಿನ ಕಳೆದ ಮೇಲೆ ಕೊಡಿ. ಮುಂದಿನ ಸಲವೂ ತಿಂಗಳ ಅದೇ ಹೊತ್ತಿನಲ್ಲಿ ಕೊಡಿ. ಖಾಲಿ ಹೊಟ್ಟೆ ಬೇಕಿಲ್ಲ. ಕಾಫಿ ಕುಡಿದೇ ಹೋಗಿ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೂ ಡಾಕ್ಟರಿಗೂ ತಿಳಿಸಿ. ದೊಡ್ಡ ಪ್ರಮಾಣದ ಬಯೋಟಿನ್ ಕೆಲವು ಮೆಷಿನ್‌ಗಳಲ್ಲಿ ಸಂಖ್ಯೆಯನ್ನೇ ತಪ್ಪಿಸುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನ ನಿಲ್ಲಿಸಿ ಬರಲು ಹೇಳುತ್ತಾರೆ.

ಲ್ಯಾಬಿನ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ಬೀದಿಗೊಂದು ಕಲೆಕ್ಷನ್ ಸೆಂಟರ್ ಇದೆ. ಬಸವನಗುಡಿಯಲ್ಲಿ ತೆಗೆದ ರಕ್ತ ಅಲ್ಲೇ ಪರೀಕ್ಷೆ ಆಗುತ್ತದೆ ಎಂದೇನಿಲ್ಲ. ಬೈಕಿನಲ್ಲಿ ಊರಿನ ಇನ್ನೊಂದು ತುದಿಯ ದೊಡ್ಡ ಲ್ಯಾಬಿಗೆ ಹೋಗಬಹುದು. ರಿಪೋರ್ಟಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಪರೀಕ್ಷೆ ಮಾಡಿದ ಲ್ಯಾಬಿನ ಹೆಸರು, ವಿಧಾನ ಅಥವಾ ಮೆಷಿನ್ ಹೆಸರು ಇರುತ್ತದೆ. ಅದನ್ನು ಗುರುತು ಹಾಕಿಕೊಳ್ಳಿ. ಬೇರೆ ಬೇರೆ ಕಂಪನಿಯ ಮೆಷಿನ್ ಒಂದೇ ರಕ್ತಕ್ಕೆ ಬೇರೆ ಬೇರೆ ಸಂಖ್ಯೆ ಕೊಡಬಹುದು. ಆಪರೇಷನ್ನಿಗೆ ಮುಂಚೆ ಒಂದು ಕಡೆ, ಆಮೇಲೆ ಆಫರ್ ಇದೆ ಎಂದು ಇನ್ನೊಂದು ಕಡೆ ಕೊಟ್ಟರೆ ಹೋಲಿಕೆ ಕೆಡುತ್ತದೆ. ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಒಂದು ಲ್ಯಾಬ್ ಹಿಡಿದು, ಕೊನೆಯ ತನಕ ಅಲ್ಲೇ ಕೊಡಿ.

ಹೆಜ್ಜೆ 2: ಆ ಸಂಖ್ಯೆಯನ್ನು ಓದುವುದು

35ರ ಒಳಗಿದ್ದರೆ ಕಾಯಿಲೆ ಇಲ್ಲ ಎಂದಲ್ಲ. ಇದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. "ಬ್ಲಡ್ ರಿಪೋರ್ಟ್ ನಾರ್ಮಲ್ ಇದೆಯಲ್ಲ, ಹೊಟ್ಟೆನೋವು ಎಲ್ಲರಿಗೂ ಬರುತ್ತೆ" ಎಂಬ ಮಾತು ಕೇಳದ ಹುಡುಗಿ ನಮ್ಮಲ್ಲಿ ಯಾರಿದ್ದಾರೆ? ಹಲವು ಅಧ್ಯಯನಗಳನ್ನು ಸೇರಿಸಿ 2016ರಲ್ಲಿ ಲೆಕ್ಕ ಹಾಕಿದಾಗ, 30ರ ಗೆರೆ ಇಟ್ಟುಕೊಂಡರೆ ಕಾಯಿಲೆ ಇದ್ದ ನೂರು ಹೆಂಗಸರಲ್ಲಿ ಸುಮಾರು 52 ಮಂದಿಯನ್ನಷ್ಟೇ ಈ ಟೆಸ್ಟ್ ಹಿಡಿಯಿತು. ಉಳಿದವರ ಸಂಖ್ಯೆ ನಾರ್ಮಲ್, ನೋವು ಮಾತ್ರ ನಾರ್ಮಲ್ ಅಲ್ಲ. ಶುರುವಿನ ಹಂತದಲ್ಲಂತೂ ಇದು ಇನ್ನೂ ಜಾಸ್ತಿ ಜನರನ್ನು ಬಿಟ್ಟುಬಿಡುತ್ತದೆ. ಸಿಸ್ಟ್ ದೊಡ್ಡದಾಗಿ, ಅಂಟುಗಳಾಗಿ, ಮೂರು ನಾಲ್ಕನೇ ಹಂತಕ್ಕೆ ಹೋದವರಲ್ಲೇ ಸಾಮಾನ್ಯವಾಗಿ ಏರುವುದು.

ಹಂತ ಎಂದಾಗ ಇನ್ನೊಂದು. ಹಂತಕ್ಕೂ ನೋವಿಗೂ ತಾಳೆಯಿಲ್ಲ. ಒಂದನೇ ಹಂತದವಳು ನೆಲದಲ್ಲಿ ಹೊರಳಾಡಬಹುದು. ನಾಲ್ಕನೇ ಹಂತದವಳಿಗೆ ಮಕ್ಕಳಾಗಲಿಲ್ಲ ಎಂದು ತೋರಿಸಿಕೊಳ್ಳಲು ಹೋದಾಗಷ್ಟೇ ಗೊತ್ತಾಗಬಹುದು.

ಇನ್ನು ಏರಿದ್ದರೆ? 60, 90, 150, ಇವೆಲ್ಲ ಚಾಕೊಲೇಟ್ ಸಿಸ್ಟ್ ಇರುವವರಲ್ಲಿ ಕಾಣುವ ಸಂಖ್ಯೆಗಳೇ. ಸಿಸ್ಟ್ ಒಡೆದು ಒಳಗಿದ್ದದ್ದು ಹೊಟ್ಟೆಯಲ್ಲಿ ಹರಡಿದರೆ ನೂರಾರು, ಕೆಲವೊಮ್ಮೆ ಸಾವಿರ ದಾಟುವುದೂ ಉಂಟು. ಅದಕ್ಕೇ ಸಂಖ್ಯೆಯ ಜೊತೆ ಸ್ಕ್ಯಾನ್ ಓದಬೇಕು. ಒಳಗೆ ಮಬ್ಬು ಗಾಜಿನಂತೆ ಏಕಸಮನಾಗಿ ಕಾಣುವ ಸಿಸ್ಟ್ ಚಾಕೊಲೇಟ್ ಸಿಸ್ಟಿನ ಗುರುತು. ಸಿಸ್ಟಿನೊಳಗೆ ಗಟ್ಟಿ ಭಾಗ, ಅದರಲ್ಲಿ ರಕ್ತದ ಓಡಾಟ, ಗೋಡೆಯಿಂದ ಒಳಗೆ ಚಾಚಿದ ಮೊಳಕೆಗಳು, ಹೊಟ್ಟೆಯಲ್ಲಿ ನೀರು, ಅಥವಾ ಮುಟ್ಟು ನಿಂತ ವಯಸ್ಸು, ಇವುಗಳಲ್ಲಿ ಒಂದಿದ್ದರೂ ಲೆಕ್ಕ ಬೇರೆ. ಆಗ ಡಾಕ್ಟರ್ ಎಂಆರ್‌ಐ ಬರೆಯಬಹುದು. ಎಚ್‌ಇ4 ಎಂಬ ಇನ್ನೊಂದು ರಕ್ತ ಪರೀಕ್ಷೆಯನ್ನೂ ಬರೆಯಬಹುದು. ಎಂಡೊಮೆಟ್ರಿಯೋಸಿಸ್‌ನಲ್ಲಿ ಎಚ್‌ಇ4 ಸಾಮಾನ್ಯವಾಗಿ ಏರುವುದಿಲ್ಲ, ಅಂಡಾಶಯದ ಕ್ಯಾನ್ಸರಿನಲ್ಲಿ ಏರುತ್ತದೆ. ಸಿಎ-125 ಏರಿ ಎಚ್‌ಇ4 ತಣ್ಣಗಿದ್ದರೆ ಅದೊಂದು ಸಮಾಧಾನ. ಕಿಡ್ನಿ ತೊಂದರೆ ಇದ್ದವರಲ್ಲಿ, ಸಿಗರೇಟ್ ಸೇದುವವರಲ್ಲಿ ಇದೂ ಏರುತ್ತದೆ ಎನ್ನುವುದು ನೆನಪಿರಲಿ.

ಸಿಎ 19-9 ಎಂಬ ಇನ್ನೊಂದು ರಕ್ತ ಪರೀಕ್ಷೆ ಕೂಡ ಪಟ್ಟಿಯಲ್ಲಿ ಬರುತ್ತದೆ. ದೊಡ್ಡ ಚಾಕೊಲೇಟ್ ಸಿಸ್ಟ್ ಇದ್ದಾಗ ಅದೂ ಏರಬಹುದು. ಅದನ್ನು ನೋಡಿ ಮೇದೋಜೀರಕಾಂಗದ ಕ್ಯಾನ್ಸರ್ ಎಂದು ಹೆದರಿದವರನ್ನು ನಾನೇ ಕಂಡಿದ್ದೇನೆ.

ಡೈರಿ ಸರ್ಕಲ್ ಹತ್ತಿರದ ಕಿದ್ವಾಯಿ ಆಸ್ಪತ್ರೆಗೆ ಒಮ್ಮೆ ತೋರಿಸಿ ಎಂದು ಡಾಕ್ಟರ್ ಚೀಟಿ ಕೊಟ್ಟರೆ ನಮ್ಮೂರಿನಲ್ಲಿ ಮನೆಯವರ ಮುಖ ಬಾಡುತ್ತದೆ. ಆದರೆ ಸ್ಕ್ಯಾನಿನಲ್ಲಿ ಅನುಮಾನವಿದ್ದಾಗ ಆಪರೇಷನ್ನಿಗೆ ಮುಂಚೆಯೇ ಕ್ಯಾನ್ಸರ್ ಸರ್ಜನ್ ಒಬ್ಬರು ನೋಡುವುದು ಒಳ್ಳೆಯದು. ಸಿಸ್ಟನ್ನು ಒಡೆಯದೆ ತೆಗೆಯಬೇಕಾ ಎಂಬ ತೀರ್ಮಾನ ಅಲ್ಲಿ ಆಗುತ್ತದೆ. ಹೋಗಿ ಬನ್ನಿ.

ಮದುವೆಯಾಗದ ಹುಡುಗಿಯರಿಗೆ ಒಂದು ಮಾತು ಸೇರಿಸುತ್ತೇನೆ. ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬೇಡ ಎನ್ನುವುದು ನಿಮ್ಮ ಹಕ್ಕು. ಬದಲಿಗೆ ಹೊಟ್ಟೆಯ ಮೇಲಿನ ಸ್ಕ್ಯಾನ್, ಎಂಆರ್‌ಐ, ಇಲ್ಲವೇ ಗುದದ್ವಾರದ ಮೂಲಕ ಮಾಡುವ ಸ್ಕ್ಯಾನ್ ಇದೆ. "ಸ್ಕ್ಯಾನ್ ಮಾಡಕ್ಕಾಗಲ್ಲ, ಸಿಎ-125 ಮಾಡಿಸಿ ನೋಡೋಣ" ಎಂದರೆ ಒಪ್ಪಬೇಡಿ. ಸ್ಕ್ಯಾನಿನ ಜಾಗವನ್ನು ಆ ರಕ್ತ ಪರೀಕ್ಷೆ ತುಂಬುವುದಿಲ್ಲ.

ಹೆಜ್ಜೆ 3: ಎಎಂಎಚ್. ಇದನ್ನು ಮಾತ್ರ ಬಿಡಬೇಡಿ

ನಾನು ಬಿಟ್ಟಿದ್ದೆ. ಬಿಟ್ಟಿದ್ದೆ ಅನ್ನುವುದಕ್ಕಿಂತ, ಯಾರೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಆಪರೇಷನ್ ಆಗಿ ಎಂಟು ತಿಂಗಳ ಮೇಲೆ ಮಾಡಿಸಿದಾಗ 1.1 ಬಂತು. ಆಪರೇಷನ್ನಿನಿಂದ ಇಳಿದದ್ದಾ, ಮುಂಚೆಯೇ ಅಷ್ಟಿತ್ತಾ? ಈ ಪ್ರಶ್ನೆಗೆ ಇನ್ನು ಯಾರೂ ಉತ್ತರ ಕೊಡಲಾರರು. ಸಿಎ-125 ಯಾವಾಗ ಬೇಕಾದರೂ ಮತ್ತೆ ಮಾಡಿಸಬಹುದು. ಆಪರೇಷನ್ನಿನ ಮುಂಚಿನ ಎಎಂಎಚ್ ಆಮೇಲೆ ಸಿಗುವುದಿಲ್ಲ.

ಎಎಂಎಚ್ ಅಂಡಾಶಯದ ಪುಟ್ಟ ಪುಟ್ಟ ಮೊಟ್ಟೆಚೀಲಗಳು ಬಿಡುವ ಹಾರ್ಮೋನು. ಚೀಲಗಳು ಜಾಸ್ತಿ ಇದ್ದರೆ ಜಾಸ್ತಿ, ವಯಸ್ಸಾದಂತೆ ಇಳಿಕೆ. ಚಾಕೊಲೇಟ್ ಸಿಸ್ಟಿಗೆ ಸರಿಯಾದ ಗೋಡೆಯಿರುವುದಿಲ್ಲ, ಅಂಡಾಶಯದ ಒಳ್ಳೆಯ ಭಾಗಕ್ಕೇ ಅಂಟಿಕೊಂಡಿರುತ್ತದೆ. ಹಲಸಿನ ತೊಳೆಯಿಂದ ಬೀಜ ತೆಗೆದಷ್ಟು ಸಲೀಸಲ್ಲ. ಹಸಿ ಗೋಡೆಯಿಂದ ಸುಣ್ಣ ಕೆರೆದ ಹಾಗೆ, ಸ್ವಲ್ಪ ಗಾರೆಯೂ ಕಿತ್ತು ಬರುತ್ತದೆ. ಜೊತೆಗೆ ರಕ್ತ ನಿಲ್ಲಿಸಲು ಕರೆಂಟಿನಿಂದ ಸುಟ್ಟರೆ ಆ ಬಿಸಿಗೂ ಮೊಟ್ಟೆಗಳು ಸಾಯುತ್ತವೆ. 2012ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಚಾಕೊಲೇಟ್ ಸಿಸ್ಟ್ ತೆಗೆದ ಮೇಲೆ ಎಎಂಎಚ್ ಸರಾಸರಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಹತ್ತಿರ ಹತ್ತಿರ 38 ಶೇಕಡಾ ಇಳಿದಿತ್ತು. ಎರಡೂ ಕಡೆ ಸಿಸ್ಟ್ ಇದ್ದವರಲ್ಲಿ ಇಳಿತ ಇನ್ನೂ ಜಾಸ್ತಿ.

ಆದ್ದರಿಂದ ಮುಂದೆ ಮಗು ಬೇಕು ಎಂಬ ಯೋಚನೆ ಚೂರಾದರೂ ಇದ್ದರೆ ಆಪರೇಷನ್ ದಿನಾಂಕ ಗೊತ್ತು ಮಾಡುವ ಮುಂಚೆ ಎಎಂಎಚ್ ಮಾಡಿಸಿ. ಮಗು ಈಗ ಬೇಡ, ಮದುವೆಯೇ ಆಗಿಲ್ಲ ಎನ್ನುವವರು ಇನ್ನೂ ಮುಖ್ಯವಾಗಿ ಮಾಡಿಸಿ. ಮುಟ್ಟಿನ ಯಾವ ದಿನವಾದರೂ ಸರಿ. ಆದರೆ ಗರ್ಭನಿರೋಧಕ ಮಾತ್ರೆ ಅಥವಾ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಸಂಖ್ಯೆ ಇದ್ದದ್ದಕ್ಕಿಂತ ಕಡಿಮೆ ಬರಬಹುದು. ಮಾತ್ರೆಯ ಹೆಸರನ್ನು ರಿಪೋರ್ಟಿನ ಮೇಲೆ ಪೆನ್ನಿನಲ್ಲಿ ಬರೆದಿಡಿ.

ಅಳತೆಯ ಘಟಕವನ್ನೂ ನೋಡಿ. ಒಂದು ಲ್ಯಾಬ್ ನ್ಯಾನೋಗ್ರಾಂ ಲೆಕ್ಕದಲ್ಲಿ ಕೊಡುತ್ತದೆ, ಇನ್ನೊಂದು ಪಿಕೋಮೋಲ್ ಲೆಕ್ಕದಲ್ಲಿ. ಮಿಲಿಲೀಟರಿಗೆ 1 ನ್ಯಾನೋಗ್ರಾಂ ಎಂದರೆ ಲೀಟರಿಗೆ ಸುಮಾರು 7.14 ಪಿಕೋಮೋಲ್. ಮೊದಲು 14 ಇತ್ತು, ಈಗ 2 ಆಗಿದೆ ಎಂದು ಅಳುವ ಮುಂಚೆ ಘಟಕ ನೋಡಿ. ಎರಡೂ ಒಂದೇ ಇರಬಹುದು.

ಸಂಖ್ಯೆ ಕಡಿಮೆ ಬಂದರೆ ಮಗು ಆಗಲ್ಲ ಎಂದರ್ಥವಲ್ಲ. ಎಎಂಎಚ್ ಮೊಟ್ಟೆಯ ಎಣಿಕೆ ಅಂದಾಜು ಮಾಡುತ್ತದೆ, ಗುಣ ಹೇಳುವುದಿಲ್ಲ. ಸಹಜವಾಗಿ ಗರ್ಭ ನಿಲ್ಲುತ್ತದಾ ಎಂದೂ ಹೇಳುವುದಿಲ್ಲ. ಆದರೆ ಅದು ಆಪರೇಷನ್ನಿನ ಯೋಜನೆಯನ್ನೇ ಬದಲಿಸಬಹುದು. ಡಾಕ್ಟರಿಗೆ ಈ ಪ್ರಶ್ನೆಗಳನ್ನು ಕೇಳಿ: ನನ್ನ ಎಎಂಎಚ್ ಇಷ್ಟಿದೆ, ಈಗ ಸಿಸ್ಟ್ ತೆಗೆಯಲೇಬೇಕಾ? ಮೊದಲು ಮೊಟ್ಟೆ ತೆಗೆದು ಫ್ರೀಜ್ ಮಾಡಿಸುವ ಅಗತ್ಯ ಇದೆಯಾ? ರಕ್ತ ನಿಲ್ಲಿಸಲು ಸುಡುತ್ತೀರಾ, ಹೊಲಿಗೆ ಹಾಕುತ್ತೀರಾ? ಕೊನೆಯದನ್ನು ನನ್ನ ತಂಗಿ ಕೇಳಿದಾಗ ಡಾಕ್ಟರ್ ಕನ್ನಡಕ ತೆಗೆದು ಅವಳನ್ನು ಒಮ್ಮೆ ನೋಡಿದರಂತೆ. ಆಮೇಲೆ ಕಾಗದ ಎಳೆದುಕೊಂಡು ಚಿತ್ರ ಬರೆದು ಹತ್ತು ನಿಮಿಷ ವಿವರಿಸಿದರಂತೆ.

ಹೆಜ್ಜೆ 4: ಮಾಮೂಲಿ ಟೆಸ್ಟುಗಳು

ಇವು ಕಾಯಿಲೆಗಲ್ಲ, ಅರಿವಳಿಕೆಗೆ. ಸಿಬಿಸಿ (ರಕ್ತಕಣಗಳ ಎಣಿಕೆ), ರಕ್ತದ ಗುಂಪು, ಸಕ್ಕರೆ, ಕಿಡ್ನಿಯ ಕ್ರಿಯಾಟಿನಿನ್, ಲಿವರ್, ಥೈರಾಯ್ಡ್, ರಕ್ತ ಹೆಪ್ಪುಗಟ್ಟುವ ಸಮಯ, ಎಚ್‌ಐವಿ, ಹೆಪಟೈಟಿಸ್, ಗರ್ಭ ಪರೀಕ್ಷೆ. ಮದುವೆಯಾಗದವರಿಗೂ ಗರ್ಭ ಪರೀಕ್ಷೆ ಬರೆಯುತ್ತಾರೆ. ಅವಮಾನ ಎಂದುಕೊಳ್ಳಬೇಡಿ, ಎಲ್ಲರಿಗೂ ಅದೇ ನಿಯಮ.

ಇದರಲ್ಲಿ ತಲೆಕೆಡಿಸಿಕೊಳ್ಳಬೇಕಾದದ್ದು ಹಿಮೋಗ್ಲೋಬಿನ್. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಎಂದರೆ ರಕ್ತಹೀನತೆ. ತಿಂಗಳು ತಿಂಗಳು ಜಾಸ್ತಿ ಹೋಗುವವರು ಅದರ ಜೊತೆ ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು) ಕೂಡ ಕೇಳಿ ಮಾಡಿಸಿ. ಹಿಮೋಗ್ಲೋಬಿನ್ ಕೈಯಲ್ಲಿರುವ ಚಿಲ್ಲರೆಯಾದರೆ ಫೆರಿಟಿನ್ ಡಬ್ಬಿಯಲ್ಲಿಟ್ಟ ಗಂಟು. ಗಂಟು ಖಾಲಿಯಾಗಿ ಎಷ್ಟೋ ದಿನದ ಮೇಲೆ ಚಿಲ್ಲರೆ ಕಡಿಮೆಯಾಗುವುದು. ಕಬ್ಬಿಣದ ಮಾತ್ರೆ ಕೆಲಸ ಮಾಡಲು ವಾರಗಳು ಬೇಕು, ಆದ್ದರಿಂದ ಇದನ್ನು ಆಪರೇಷನ್ನಿನ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಮಾತ್ರೆ ನುಂಗಿದ ಕೂಡಲೇ ಫಿಲ್ಟರ್ ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಗಂಟೆ ಎರಡು ಗಂಟೆ ಅಂತರ ಇರಲಿ. ನಮ್ಮ ಮನೆಯಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಪಥ್ಯವಾಗಿತ್ತು.

ಸಿಆರ್‌ಪಿ ಎಂಬ ಉರಿಯೂತದ ಪರೀಕ್ಷೆಯನ್ನು ಕೆಲವರು ಕಾಯಿಲೆ ಅಳೆಯಲು ಮಾಡಿಸುತ್ತಾರೆ. ಎಂಡೊಮೆಟ್ರಿಯೋಸಿಸ್ ಇದ್ದೂ ಅದು ನಾರ್ಮಲ್ ಇರುವವರು ಬಹಳ. ಅದರ ನಿಜವಾದ ಕೆಲಸ ಆಪರೇಷನ್ ಆದ ಮೇಲೆ.

ಹೆಜ್ಜೆ 5: ಒಂದು ನೋಟ್‌ಬುಕ್

ಮೊಬೈಲಿನ ಪಿಡಿಎಫ್ ನಂಬಬೇಡಿ. ಬೇಕಾದಾಗ ಸಿಗುವುದಿಲ್ಲ. ನಲವತ್ತು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆಯಿರಿ: ದಿನಾಂಕ, ಮುಟ್ಟಿನ ಎಷ್ಟನೇ ದಿನ, ಯಾವ ಮಾತ್ರೆ ನಡೆಯುತ್ತಿತ್ತು, ಯಾವ ಲ್ಯಾಬ್, ಸಂಖ್ಯೆ, ಘಟಕ, ಆ ವಾರದ ನೋವು ಹತ್ತಕ್ಕೆ ಎಷ್ಟು. ಹೊರರೋಗಿ ವಿಭಾಗದಲ್ಲಿ ಡಾಕ್ಟರಿಗೆ ನಿಮಗೆಂದು ಸಿಗುವುದು ಐದಾರು ನಿಮಿಷ. ಆ ಒಂದು ಪುಟ ತಿರುಗಿಸಿದರೆ ಸಾಕು.

ಹೆಜ್ಜೆ 6: ಆಪರೇಷನ್ ಆದ ಮೊದಲ ದಿನಗಳು

ಮರುದಿನ ಸಿಬಿಸಿ ಮಾಡುತ್ತಾರೆ. ಹಿಮೋಗ್ಲೋಬಿನ್ ಸ್ವಲ್ಪ ಇಳಿದಿರುತ್ತದೆ, ಬಿಳಿ ರಕ್ತಕಣ ಸ್ವಲ್ಪ ಏರಿರುತ್ತದೆ. ಎರಡೂ ನಿರೀಕ್ಷಿತವೇ. ಸಿಆರ್‌ಪಿ ಸಾಮಾನ್ಯವಾಗಿ ಎರಡು ಮೂರನೇ ದಿನಕ್ಕೆ ತುದಿ ಮುಟ್ಟಿ ಆಮೇಲೆ ಇಳಿಯಬೇಕು. ಮೂರನೇ ದಿನದ ನಂತರವೂ ಏರುತ್ತಿದ್ದರೆ ಡಾಕ್ಟರ್ ಸೋಂಕಿಗೆ ಹುಡುಕುತ್ತಾರೆ, ಕರುಳಿನ ಮೇಲೆ ಕೆಲಸ ಮಾಡಿದ್ದರೆ ಅಲ್ಲಿ ಸೋರಿಕೆ ಇದೆಯಾ ಎಂದೂ ನೋಡುತ್ತಾರೆ.

ಭುಜ ನೋಯುತ್ತದೆ. ಹೊಟ್ಟೆಗೆ ತುಂಬಿದ ಗಾಳಿಯ ಕಾರಣಕ್ಕೆ. ಅದು ಕೆಲವು ದಿನಕ್ಕೆ ಹೋಗುತ್ತದೆ. ಆದರೆ ಮನೆಗೆ ಬಂದ ಮೇಲೆ ಜ್ವರ, ದಿನದಿನಕ್ಕೆ ಏರುವ ಹೊಟ್ಟೆನೋವು, ಹೊಟ್ಟೆಯುಬ್ಬರ, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಕೆಳಗಿನಿಂದ ನೀರು ನೀರಾಗಿ ಸೋರುವುದು, ಒಂದು ಕಾಲು ಊದುವುದು, ಉಸಿರು ಕಟ್ಟುವುದು, ಯಾವುದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಆಪರೇಷನ್ ಮಾಡಿದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ. ರಾತ್ರಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೂ ದಾರಿ ಖಾಲಿ ಇರುತ್ತದೆ.

ಹೆಜ್ಜೆ 7: ಬಯಾಪ್ಸಿ ರಿಪೋರ್ಟ್ ಕೈಗೆ ತೆಗೆದುಕೊಳ್ಳಿ

ರಕ್ತದ ರಿಪೋರ್ಟುಗಳ ಗಲಾಟೆಯಲ್ಲಿ ಜನ ಮರೆಯುವುದು ಇದನ್ನೇ. ತೆಗೆದ ಸಿಸ್ಟಿನ ಗೋಡೆಯನ್ನು ಬಯಾಪ್ಸಿಗೆ ಕಳಿಸಿರುತ್ತಾರೆ. ಉತ್ತರ ಬರುವುದು ನೀವು ಡಿಸ್ಚಾರ್ಜ್ ಆದ ಮೇಲೆ. ಎಷ್ಟೋ ಮಂದಿ ತರಲು ಹೋಗುವುದೇ ಇಲ್ಲ. ಎಂಡೊಮೆಟ್ರಿಯೋಸಿಸ್ ಹೌದಾ, ಬೇರೇನಾದರೂ ಇದೆಯಾ ಎಂದು ಹೇಳುವುದು ಆ ಒಂದು ಹಾಳೆ. ಅದರ ಮುಂದೆ ಸಿಎ-125ರ ಮಾತಿಗೆ ತೂಕವಿಲ್ಲ. ಡಿಸ್ಚಾರ್ಜ್ ಸಮರಿ, ಆಪರೇಷನ್ ನೋಟ್ಸ್, ಫೋಟೋ ಅಥವಾ ವಿಡಿಯೋ ಇದ್ದರೆ ಅದನ್ನೂ ಕೇಳಿ ಪಡೆಯಿರಿ. ಯಾವ ಹಂತ, ಎಲ್ಲೆಲ್ಲಿ ಇತ್ತು, ಏನಾದರೂ ಬಿಟ್ಟಿದ್ದಾರಾ ಎನ್ನುವುದು ಅದರಲ್ಲಿರುತ್ತದೆ.

ಹೆಜ್ಜೆ 8: ಆಪರೇಷನ್ ನಂತರದ ಸಿಎ-125

ಅವಸರ ಮಾಡಬೇಡಿ. ಹೊಟ್ಟೆಯ ಒಳಪೊರೆ ಕಿರಿಕಿರಿಗೊಂಡರೆ ಈ ಸಂಖ್ಯೆ ಏರುತ್ತದೆ ಎಂದೆ ಅಲ್ವಾ? ಆಪರೇಷನ್ನಿಗಿಂತ ದೊಡ್ಡ ಕಿರಿಕಿರಿ ಯಾವುದಿದೆ? ಹೊಲಿಗೆ ಒಣಗುವ ಮುಂಚೆ ಮಾಡಿಸಿ, ಮೊದಲಿಗಿಂತ ಜಾಸ್ತಿ ಬಂದು, ಕಾಯಿಲೆ ಹೋಗಿಲ್ಲ ಎಂದು ಕೂತವರಿದ್ದಾರೆ. ಡಾಕ್ಟರ್ ಬೇಕು ಎಂದರೆ ಎರಡು ಮೂರು ತಿಂಗಳು ಬಿಟ್ಟು, ಮುಟ್ಟಿಲ್ಲದ ದಿನ, ಅದೇ ಲ್ಯಾಬಿನಲ್ಲಿ ಕೊಡಿ.

ಮುಂಚೆ ಏರಿದ್ದು ಈಗ ಇಳಿದಿದ್ದರೆ ಒಳ್ಳೆಯದೇ. ಆದರೆ ಡೈನೋಜೆಸ್ಟ್‌ನಂಥ ಹಾರ್ಮೋನ್ ಮಾತ್ರೆ ನಡೆಯುತ್ತಿದ್ದರೆ ಆ ಇಳಿಕೆಯಲ್ಲಿ ಮಾತ್ರೆಯ ಪಾಲೂ ಇದೆ. ಮಾತ್ರೆ ಬಿಟ್ಟ ಮೇಲೆ ಸ್ವಲ್ಪ ಏರಿದರೆ ಕಾಯಿಲೆ ಮರಳಿತು ಎಂದು ಅದೊಂದರಿಂದಲೇ ಹೇಳಲಾಗದು. ತಿಂಗಳುಗಳ ಅಂತರದಲ್ಲಿ ಎರಡು ಮೂರು ಸಲ ಏರುತ್ತಲೇ ಹೋದರೆ, ನೋವೂ ಮರಳಿದ್ದರೆ, ಸ್ಕ್ಯಾನ್ ಮಾಡಿಸುವ ಸಮಯ. ಮೊದಲೇ 20 ಇದ್ದವರಿಗೆ ಈ ಟೆಸ್ಟ್ ಆಮೇಲೆಯೂ ಹೆಚ್ಚೇನೂ ಹೇಳುವುದಿಲ್ಲ. ಅವರು ದುಡ್ಡು ಉಳಿಸಬಹುದು.

ಕಾಯಿಲೆ ಮರಳುವುದಂತೂ ನಿಜ. ಹಳೆಯ ಅಧ್ಯಯನಗಳನ್ನು ಕೂಡಿಸಿದ ಅಂದಾಜಿನಂತೆ ಎರಡು ವರ್ಷದಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ, ಐದು ವರ್ಷದಲ್ಲಿ 40ರಿಂದ 50 ಶೇಕಡಾ ಮಂದಿಗೆ. ಇದನ್ನು ಕಡಿಮೆ ಮಾಡುವುದು ರಕ್ತ ಪರೀಕ್ಷೆಯಲ್ಲ, ಆಪರೇಷನ್ ನಂತರದ ಹಾರ್ಮೋನ್ ಚಿಕಿತ್ಸೆ. ಕೂಡಲೇ ಮಗು ಬೇಡದವರಿಗೆ ಅದನ್ನು ಬರೆಯುತ್ತಾರೆ. ಶುರುವಿನ ತಿಂಗಳುಗಳಲ್ಲಿ ಚೂರು ಚೂರು ರಕ್ತ ಕಾಣುತ್ತದೆ ಎಂದು ಬೇಸತ್ತು ತಾವೇ ನಿಲ್ಲಿಸುವವರು ಬಹಳ. ನಿಲ್ಲಿಸುವ ಮುಂಚೆ ಒಂದು ಫೋನ್ ಮಾಡಿ.

ಹೆಜ್ಜೆ 9: ಎಎಂಎಚ್ ಮತ್ತೊಮ್ಮೆ

ಆಪರೇಷನ್ ಆದ ಕೂಡಲೇ ಮಾಡಿಸಿದರೆ ಪಾತಾಳ ಕಾಣಬಹುದು. ಕೆಲವರಲ್ಲಿ ಮುಂದಿನ ತಿಂಗಳುಗಳಲ್ಲಿ ಒಂದಿಷ್ಟು ಮರಳಿ ಏರುತ್ತದೆ, ಎಲ್ಲರಲ್ಲೂ ಅಲ್ಲ. ಆರು ತಿಂಗಳಾದ ಮೇಲೆ ಒಮ್ಮೆ, ಬೇಕಿದ್ದರೆ ವರ್ಷವಾದ ಮೇಲೆ ಇನ್ನೊಮ್ಮೆ ನೋಡಿದರೆ ಸಾಕು. ಮಗುವಿನ ಯೋಚನೆ ಇದ್ದು ಸಂಖ್ಯೆ ಕೆಳಗಿದ್ದರೆ ಆರು ತಿಂಗಳು ಕಾಯದೆ ಫರ್ಟಿಲಿಟಿ ತಜ್ಞರನ್ನು ಬೇಗ ಕಾಣಿ.

ದುಡ್ಡಿನ ವಿಷಯ

ಎಎಂಎಚ್, ಸಿಎ-125 ಎರಡೂ ಸಿಬಿಸಿಗಿಂತ ಬಹಳ ದುಬಾರಿ, ಲ್ಯಾಬಿನಿಂದ ಲ್ಯಾಬಿಗೆ ದರವೂ ಬೇರೆ. ಮೊದಲೇ ಫೋನ್ ಮಾಡಿ ಕೇಳಿ. ‘ಮಹಿಳಾ ಪ್ಯಾಕೇಜ್’ ಎಂಬ ಹೆಸರಿನಲ್ಲಿ ಬೇಡದ ಮೂವತ್ತು ಟೆಸ್ಟ್ ಸೇರಿಸಿ ಕೊಡುವುದನ್ನು ಬಿಟ್ಟು ಚೀಟಿಯಲ್ಲಿರುವುದನ್ನಷ್ಟೇ ಮಾಡಿಸಿ. ಕೆ.ಆರ್. ಮಾರುಕಟ್ಟೆ ಬಳಿಯ ವಾಣಿ ವಿಲಾಸ, ಶಿವಾಜಿನಗರದ ಬೌರಿಂಗ್, ಇಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗವಿದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನಿಮ್ಮ ಆಪರೇಷನ್ ಅದರ ಪಟ್ಟಿಯಲ್ಲಿದೆಯಾ ಎಂದು ಆಸ್ಪತ್ರೆಯಲ್ಲೇ ಇರುವ ಆರೋಗ್ಯಮಿತ್ರರನ್ನು ಕೇಳಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಬೇಕಾಗುತ್ತದೆ. ಅಡ್ಮಿಟ್ ಆದ ಮೇಲೆ ಓಡಾಡುವುದಕ್ಕಿಂತ ಮುಂಚೆ ವಿಚಾರಿಸಿ.

ತಂಗಿಯ ಆಪರೇಷನ್ ಆಗಿ ಏಳು ತಿಂಗಳಾಯಿತು. ಮುಂಚೆ 3.2 ಇದ್ದ ಎಎಂಎಚ್ ಈಗ 2.4. ಅವಳ ಸಿಎ-125 ಆಪರೇಷನ್ನಿಗೆ ಮುಂಚೆಯೂ 29 ಇತ್ತು, ಆದ್ದರಿಂದ ಡಾಕ್ಟರ್ ಅದನ್ನು ಮತ್ತೆ ಬರೆದೇ ಇಲ್ಲ. ವರ್ಷಕ್ಕೊಂದು ಸ್ಕ್ಯಾನ್ ಹೇಳಿದ್ದಾರೆ. ನೋಟ್‌ಬುಕ್ಕಿನಲ್ಲಿ ನೋವಿನ ಕಾಲಂ ಈ ತಿಂಗಳು 2.